ಯೋಗಿರಾಜ ಶೇಟರ ಗಿಟಾರಿನ ಗುಂಯ್

ವಳಸಂಗದ ಶುಭಾಂಗಿ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ಮೋಟಾರ್ ರಿಪೇರಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ತಾಮ್ರದ ತಂತಿ ಸುತ್ತುತ್ತಿದ್ದಳು. ಸುಟ್ಟ ವಾಸನೆಯಿಂದಲೇ ಯಾವ ಸುರುಳಿ ಹೋಗಿದೆಯೆಂದು ಹೇಳಬಲ್ಲವಳು. ಆದರೂ ಗಿರಾಕಿಗಳು ಅವಳ ತಲೆಯ ಮೇಲಿಂದ ಒಳಗೆ ಇಣುಕಿ, "ಮಿಸ್ತ್ರಿ ಎಲ್ಲಿದಾರ?" ಎಂದೇ ಕೇಳುತ್ತಿದ್ದರು. ಮಾಲೀಕ ಸಾತಲಿಂಗಪ್ಪನವರು ಸ್ಕ್ರೂಡ್ರೈವರನ್ನು ಮುಖ್ಯವಾಗಿ ಬೆನ್ನು ಕೆರೆದುಕೊಳ್ಳಲು ಬಳಸುತ್ತಿದ್ದರು. ಮಿಸ್ತ್ರಿ ಎಂಬ ಗೌರವ ಮಾತ್ರ ಅವರಿಗೇ ಸಲ್ಲುತ್ತಿತ್ತು.

ಯೋಗಿರಾಜ ಶೇಟರೂ ಹಾಗೆಯೇ ಕೇಳಿದರು. ಚಾದರ ವ್ಯಾಪಾರದ ಮನೆತನದ ಈ ನಲವತ್ತರ ಗೃಹಸ್ಥ ಮದುವೆ ಆರ್ಕೆಸ್ಟ್ರಾವೊಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದರು. ಆರ್ಕೆಸ್ಟ್ರಾ ಅವರದೇ ಆದ್ದರಿಂದ ಯಾರೂ ಬೇಡವೆಂದಿರಲಿಲ್ಲ. ಟ್ಯೂಬ್‌ಲೈಟ್ ಹತ್ತಿದೊಡನೆ ಗಿಟಾರು ಗುಂಯ್ ಎನ್ನುತ್ತಿತ್ತು. ಶೇಟರು ತಪ್ಪನ್ನು ಮೊದಲು ವೈರಿನ ಮೇಲೆ, ಆಮೇಲೆ ಸ್ಪೀಕರಿನ ಮೇಲೆ, ಕಡೆಗೆ ಢೋಲಕ್ ಬಾರಿಸುವ ಬಡಪಾಯಿ ಕೈಲಾಸನ ಮೇಲೆ ಹೊರಿಸಿ ನೋಡಿದರು. ತಂತಿಗಳ ಕೆಳಗೆ ಕೂತು ಸ್ವರ ಹಿಡಿಯುವ ಪಿಕಪ್‌ಗಳೇ ಕಾರಣವೆಂದು ಒಂದು ವಿಡಿಯೊ ಹೇಳಿದ ಮೇಲೆ, ಪುಣೆಯಿಂದ ಹೊಸವನ್ನು ತರಿಸಿ ತಾವೇ ಬೆಸೆದಿದ್ದರು. ಈಗ ಗುಂಯ್ ಇಮ್ಮಡಿಯಾಗಿ, ಸ್ವರ ಸೊಳ್ಳೆಯಷ್ಟಾಗಿತ್ತು.

"ವಿಡಿಯೊದಾಗ ತೋರ್ಸಿದಂಗ ಮಾಡೇನ್ರಿ ಅಕ್ಕಾ. ಮಾಲೇ ಖರಾಬ್ ಐತಿ."

"ತಡೀರಿ ಶೇಟ, ಬಿಚ್ಚಿ ನೋಡತೀನಿ."

ಶುಭಾಂಗಿ ಗಿಟಾರು ಮುಟ್ಟಿದ್ದು ಅದೇ ಮೊದಲು. ಆದರೆ ಒಳಗಿದ್ದುದು ಪರಿಚಯದ ಸಂಸಾರವೇ: ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿ. ಹಳೆಯ ಪಿಕಪ್ಪಿನಲ್ಲಿ ಒಂದೇ ಸುರುಳಿ, ಹೊಸದರಲ್ಲಿ ಜೋಡಿ. ಆ ಜೋಡಿ ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಸೇರಿಸಿದರೆ, ಹೊರಗಿನಿಂದ ಹೊಕ್ಕ ಗುಂಯ್ ತನ್ನಷ್ಟಕ್ಕೆ ಹೊಡೆದಾಡಿ ಸತ್ತು, ಅಯಸ್ಕಾಂತದ ಧ್ರುವಗಳೂ ಎದುರುಬದುರಾಗಿರುವುದರಿಂದ ಸ್ವರ ಮಾತ್ರ ಉಳಿಯಬೇಕು. ಶೇಟರು ಒಂದು ಸುರುಳಿಯ ತುದಿಗಳನ್ನು ಅದಲುಬದಲು ಮಾಡಿ, ಸ್ವರವನ್ನು ಕೊಂದು ಗುಂಯ್ ಸಾಕಿದ್ದರು.

ಅವಳು ಮೀಟರ್ ಹಿಡಿದು ತುದಿಗಳನ್ನು ಗುರುತಿಸಿ ಮತ್ತೆ ಬೆಸೆದಳು. ಗಿಟಾರನ್ನು ಶೇಟರು ತಂದಿದ್ದ ಸ್ಪೀಕರಿಗೆ ಜೋಡಿಸಿ, ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸದೆಯೇ ದಪ್ಪ ತಂತಿಯೊಂದನ್ನು ಮೀಟಿದಳು. ಸ್ವರ ತುಂಬಿಕೊಂಡು ಬಂತು, ಬಹಳ ಹೊತ್ತು ನಿಂತಿತು, ಮೆಲ್ಲಗೆ ಇಳಿಯಿತು. ಅದರ ಬೆನ್ನಿಗೆ ಗುಂಯ್ ಕೇಳಲಿಲ್ಲ. ಅವಳು ಸುತ್ತಿದ ಸುರುಳಿಗಳು ಇಷ್ಟು ವರ್ಷ ನೀರೆತ್ತಿದ್ದವು, ಹಿಟ್ಟು ಬೀಸಿದ್ದವು; ಒಂದೂ ಹಾಡಿರಲಿಲ್ಲ. ಕಾರಣವಿಲ್ಲದೆ ಇನ್ನೊಮ್ಮೆ ಮೀಟಿದಳು.

ಖುಷಿಯಾದ ಶೇಟರು ಭಾನುವಾರ ಅಕ್ಕಲಕೋಟದ ಸಾಖರಪುಡಾ ಎಂಬ ನಿಶ್ಚಿತಾರ್ಥ ಸಮಾರಂಭಕ್ಕೆ ಅವಳನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಗುಂಯ್ ಇರಲಿಲ್ಲ. ಹೀಗಾಗಿ, ಯೋಗಿರಾಜ ಶೇಟರು ನಿಜವಾಗಿ ಏನು ಬಾರಿಸುತ್ತಾರೆಂಬುದು ಇಡೀ ಸಭಾಂಗಣಕ್ಕೆ ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು. ಹಾಡುತ್ತಿದ್ದ ಪ್ರಣಿತಾ ಪಲ್ಲವಿಯ ನಡುವೆಯೇ ತಿರುಗಿ ನೋಡಿದಳು. ಮೂರನೆಯ ಹಾಡು ನಡೆದಿದ್ದಾಗ ಶುಭಾಂಗಿಯ ಪಕ್ಕದ ಮುದುಕಿ ಕೇಳಿದಳು: "ಆಂವ ಇನ್ನೂ ಸುರ್ ಹಚ್ಚಾಕತ್ತಾನೇನವಾ? ಬಾರಸೂದು ಯಾವಾಗ?"

ಸೋಮವಾರ ಬೆಳಿಗ್ಗೆಯೇ ಶೇಟರು ಅಂಗಡಿಗೆ ಬಂದರು. "ಅಕ್ಕಾ, ಹಳೇ ಪಿಕಪ್ಪೇ ಹಾಕ್ರಿ. ಹೊಸಾದು ತಪ್ಪು ಸುರ್ ಭಾಳ ಹೊಂಡಸ್ತೈತಿ."

"ಹಾಕತೀನ್ರಿ. ಖರೇ ಹೇಳ್ಲ್ಯಾ? ಪಿಕಪ್ ತಪ್ಪು ಬಾರಸಂಗಿಲ್ಲ. ಬಾರಸೂದು ನಿಮ್ಮ ಬೆರಳರಿ."

ಸಾತಲಿಂಗಪ್ಪನವರು ಗಾಬರಿಯಿಂದ ಕೆಮ್ಮಿದರು. ಶೇಟರಿಗೆ ಇಪ್ಪತ್ತು ವರ್ಷದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಚಹಾ ಕುಡಿದು, ದನಿ ತಗ್ಗಿಸಿ ಕೇಳಿದರು: "ಭಾಳ ಕೆಟ್ಟಿತ್ತೇನ್ರಿ?"

"ಮೂರನೇ ಹಾಡು ಭಾಳ."

ಶೇಟರು ಹಳೆಯ ಪಿಕಪ್‌ಗಳನ್ನು ಅಲ್ಲೇ ಬಿಟ್ಟು ಗಿಟಾರು ಹೆಗಲಿಗೇರಿಸಿ ಹೋದರು. ಈಗ ವಾರಕ್ಕೆ ಮೂರು ಸಂಜೆ ಸಂಗೀತ ಶಾಲೆಯೊಂದರಲ್ಲಿ, ಐದನೆಯ ತರಗತಿಯ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತು ಸರಿಗಮ ಬಾರಿಸುತ್ತಾರೆ. ಮಕ್ಕಳು ಸಹಕರಿಸುತ್ತಿದ್ದಾರೆ ಎಂದು ಸುದ್ದಿ.

ಬೇರೆ ಆರ್ಕೆಸ್ಟ್ರಾಗಳ ಗಿಟಾರುಗಳೂ ಶುಭಾಂಗಿಯ ಬಳಿ ಬರತೊಡಗಿವೆ. ಅವಳು ಬೇಗ ರಿಪೇರಿ ಮುಗಿಸುತ್ತಾಳೆ. ಆದರೆ ಊರಿಗೆ ಹೋಗುವ ಸಂಜೆಯ ಬಸ್ಸಿನ ತನಕ ತಿರುಗಿ ಕೊಡದೆ, ಕಾರಣವಿಲ್ಲದೆ ಮೀಟುತ್ತಿರುತ್ತಾಳೆ.