ಬಾಗಿನಕ್ಕಾಗಿ ಮುಚ್ಚಿದ ತೂಬು

ನಿವೃತ್ತಿಗೆ ಹಿಂದಿನ ವರ್ಷ ನಾನು ಅರಸೀಕೆರೆಯ ಹೊರವಲಯದ ಒಂದು ಬಡಾವಣೆಯಲ್ಲಿ ಉದ್ಯಾನದ ಮೇಲ್ವಿಚಾರಕನಾಗಿದ್ದೆ. ಉದ್ಯಾನದ ನಡುವೆ ಒಂದು ಕೆರೆ. ಅದು ಹೊಯ್ಸಳರ ಕಾಲದ್ದೆಂದು ವಾಯುವಿಹಾರಕ್ಕೆ ಬರುವವರೆಲ್ಲ ನಂಬಿದ್ದರು. ಜೆಸಿಬಿ ಅದನ್ನು ತೋಡುವಾಗ ನಾನು ದಡದಲ್ಲೇ ನಿಂತಿದ್ದೆ. ಹಾಗೆಂದರೂ ಯಾರೂ ಒಪ್ಪಲಿಲ್ಲ. ಬಡಾವಣೆಯ ಮಳೆನೀರು ಒಮ್ಮೆಲೇ ತಗ್ಗಿನ ಬೀದಿಗೆ ನುಗ್ಗದಂತೆ ಹಿಡಿದಿಟ್ಟು, ತೂಬಿನ ಮೂಲಕ ನಿಧಾನವಾಗಿ ಹಳ್ಳಕ್ಕೆ ಬಿಡುವುದು ಅದರ ಕೆಲಸ. ಆದ್ದರಿಂದ ಅದು ಸದಾ ಅರೆಖಾಲಿ ಇರಬೇಕು. ಶಾಲೆಯಲ್ಲಿ ಹೆಚ್ಚು ಓದದ ನಾನು ಇದನ್ನು ಹಳೆಯ ಎಂಜಿನಿಯರಿಂಗ್ ಪುಸ್ತಕಗಳಿಂದಲೂ, ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿಯೂ ಕಲಿತಿದ್ದೆ. ಆ ಕೆರೆಯ ಮೇಲೆ ನನಗೆ ಸಾಕಿದ ಹಸುವಿನ ಮೇಲಿರುವಂಥ ಅಕ್ಕರೆ.

ಆ ಮುಂಗಾರಿನಲ್ಲಿ ನಿವಾಸಿಗಳ ಸಂಘದ ಅಧ್ಯಕ್ಷ ರುದ್ರಪ್ಪನವರು ಕೆರೆಗೆ ಬಾಗಿನ ಕೊಡಿಸಲು ನಿಶ್ಚಯಿಸಿದರು. ಕೆರೆ ತುಂಬಿದ ಮೇಲೆ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ನೀರಿಗೆ ಅರ್ಪಿಸುವುದು ನಮ್ಮ ಕಡೆಯ ಪದ್ಧತಿ. ಇವರು ಮೊದಲು ದಿನ ಗೊತ್ತುಮಾಡಿ, ಆಮೇಲೆ ಕೆರೆ ತುಂಬಿಸಹೊರಟರು. ನಾನು ಬೇಡವೆಂದರೂ ತೂಬಿಗೆ ಮರಳಿನ ಚೀಲ ಬಿತ್ತು. ನೀರು ಏರಿಯ ಅಂಚಿಗೆ ಬಂತು. ನೋಡಲು ನಿಜಕ್ಕೂ ಚೆಂದವಾಗಿತ್ತು.

ಬಾಗಿನದ ಬೆಳಿಗ್ಗೆ ಜಾವಗಲ್ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಕವಿದಿತ್ತು. ಇನ್ನೊಂದು ಮಳೆ ಬಿದ್ದರೆ ನೀರು ನೇರ ತಗ್ಗಿನ ಬೀದಿಗೆ. ಅಲ್ಲಿನ ಪುಟ್ಟಮ್ಮನವರ ಮನೆಗೆ ಹೋದೆ. ಅವರ ವರ್ಷದ ಕೊಬ್ಬರಿಯೆಲ್ಲ ಮಾರುಕಟ್ಟೆಗೆ ಹೊರಡಲು ಚೀಲಗಳಲ್ಲಿ ನಡುಮನೆಯ ನೆಲದ ಮೇಲಿತ್ತು. ನೆನೆದರೆ ಬೂಷ್ಟು ಹಿಡಿಯುತ್ತದೆ. ವಿಷಯ ಕೇಳಿದ್ದೇ ತಡ, ಅವರು ಬಾಗಿನದ ಮೊರ ಹಿಡಿದು ನನ್ನೊಡನೆ ಹೊರಟರು.

ರುದ್ರಪ್ಪನವರು ತೂಬಿಗೆ ಅಡ್ಡ ನಿಂತರು. “ಚೀಲ ಮುಟ್ಬೇಡಿ ಸೂಪರ್‌ವೈಸರೇ. ಖಾಲಿ ಕೆರೆಗೆ ಯಾರಾದ್ರೂ ಬಾಗಿನ ಕೊಡ್ತಾರೇನ್ರೀ? ರಾಜರು ಕಟ್ಟಿಸಿದ್ದು, ಒಂದು ಮಳೆ ತಡೆಯಲ್ವಾ?”

“ಆ ರಾಜರ ಜೆಸಿಬಿ ಡ್ರೈವರ್ ಇನ್ನೂ ಇದಾನೆ, ಕರೆಸ್ಲಾ?” ಎಂದೆ.

“ನೀವಿಬ್ರೂ ಆಮೇಲೆ ಜಗಳ ಆಡ್ಕಳಿ ಕಣ್ರೀ,” ಎಂದರು ಪುಟ್ಟಮ್ಮ. “ಮೊಣಕಾಲುದ್ದ ನೀರಿದ್ರೂ ಗಂಗಮ್ಮ ಗಂಗಮ್ಮನೇ. ನನ್ ಕೊಬ್ಬರಿ ನೆನೆಸಿ ಬಾಗಿನ ಕೊಟ್ರೆ ಅವಳು ತಗತಾಳಾ? ಮೆಟ್ಲು ಐತೆ, ಇಳ್ದು ಕೊಟ್ಟು ಬತ್ತೀನಿ. ನೀರು ಬಿಡಿ.”

ರುದ್ರಪ್ಪನವರು ಸ್ವಲ್ಪ ಹೊತ್ತು ಮೋಡ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಮೊದಲ ಚೀಲವನ್ನು ತಾವೇ ಎಳೆದರು. ಮಧ್ಯಾಹ್ನದ ಹೊತ್ತಿಗೆ ನೀರು ಸಾಕಷ್ಟು ಇಳಿದಿತ್ತು. ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು, ಕೆಸರು ಮೆಟ್ಟಿಲು ಇಳಿದು, ನಗುತ್ತಲೇ ಬಾಗಿನ ಬಿಟ್ಟರು. ಸಂಜೆ ಮಳೆ ಸುರಿಯಿತು. ಕೆರೆ ಅಷ್ಟನ್ನೂ ಹಿಡಿದುಕೊಂಡಿತು. ತಗ್ಗಿನ ಬೀದಿಯಲ್ಲಿ ಹೊಸ್ತಿಲು ಕೂಡ ನೆನೆಯಲಿಲ್ಲ.

ಒಂದು ಪದ್ಧತಿ ಅಪಾಯಕ್ಕೆ ದಾರಿಯಾದಾಗ ಅದನ್ನು ಅಲ್ಲಗಳೆಯುತ್ತ ನಿಲ್ಲುವುದಕ್ಕಿಂತ, ಅದನ್ನು ಮನಸಾರೆ ನಡೆಸುವವರನ್ನು ಕರೆತರುವುದು ಮೇಲೆಂದು ಆ ಕೆಲಸ ನನಗೆ ಕಲಿಸಿತು. ಈಗಲೂ ಅಲ್ಲಿ ಬಾಗಿನವನ್ನು ಕೆಳಗಿಳಿದೇ ಕೊಡುತ್ತಾರೆ. ಮೊದಲ ಮೊರ ಪುಟ್ಟಮ್ಮನವರದು.