ಊಲ್ಕಾನ್ ಎಜೆ ಬರೆಯದ ಹೆಸರು

ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿರುವ ನಮ್ಮ ಕಚೇರಿಯಲ್ಲಿ ಊಲ್ಕಾನ್ ಎಜೆಗಿಂತ ದೊಡ್ಡವರು ಯಾರೂ ಇಲ್ಲ. ಐವತ್ತಾರು ವರ್ಷ. ಹಾಗಾಗಿ ಎಲ್ಲರಿಗೂ ಅವರು ಎಜೆ, ಅಂದರೆ ಅಕ್ಕ. ಹದಿನೆಂಟು ವರ್ಷ ಹೊಲಿಗೆ ಕಾರ್ಖಾನೆಯಲ್ಲಿದ್ದು, ಯಾವ ಅಂಚು ಮೊದಲು ಮಡಿಸಬೇಕು, ಯಾವ ಹೊಲಿಗೆ ಆಮೇಲೆ ಎಂದು ಹೆಂಗಸರಿಗೆ ಸೂಚನಾ ಹಾಳೆ ಬರೆದವರು. ಈಗ ಅದೇ ಕೆಲಸವನ್ನು ಎಐ ಏಜೆಂಟ್‌ಗಳೆಂಬ ಪ್ರೋಗ್ರಾಂಗಳಿಗಾಗಿ ಮಾಡುತ್ತಾರೆ. ನಮ್ಮ ಸಾಫ್ಟ್‌ವೇರಿನಲ್ಲಿ ದೋಷ ಕಂಡರೆ ಅದಕ್ಕೊಂದು ಟಿಕೆಟ್ ತೆರೆದು, ಸರಿಪಡಿಸಬೇಕಾದವರ ಹೆಸರು ಹಾಕಬೇಕು. ಮೊದಲು ನಾವೇ ತೆರೆಯುತ್ತಿದ್ದೆವು. ಈಗ ಏಜೆಂಟ್‌ಗಳೇ ತೆರೆಯುತ್ತವೆ. ಹೇಗೆ ತೆರೆಯಬೇಕೆಂದು ಅವು ಓದಿಕೊಳ್ಳುವ ಕೈಪಿಡಿ ಎಜೆಯದು.

"ಹೊಲಿಯೋ ಹುಡುಗೀರು ತಪ್ಪು ಮಾಡಿದ್ರೆ ನಾಚ್ಕೊಳ್ಳೋರು. ಇವಕ್ಕೆ ಅದೂ ಇಲ್ಲ ನೋಡು ಮಗಳೇ," ಎನ್ನುತ್ತಿದ್ದರು.

ಮಗುವಿಗೆ ಒಂಬತ್ತು ತಿಂಗಳಾದಾಗ ನಾನು ರಜೆ ಮುಗಿಸಿ ಕೆಲಸಕ್ಕೆ ಬಂದೆ. ಹತ್ತೇ ದಿನಕ್ಕೆ ನನ್ನ ಹೆಸರಿಗೆ ನಲವತ್ತಮೂರು ಟಿಕೆಟ್! ತಿಂಗಳ ಕೊನೆಗೆ ಬಾಕಿ ಹೆಚ್ಚಿಟ್ಟವರನ್ನು ಕೆಲಸದಿಂದ ಬಿಡಿಸುತ್ತಾರೆಂದು ಆಗಲೇ ಹೇಳಿಯಾಗಿತ್ತು. ಅವುಗಳಲ್ಲಿ ಬಹುಪಾಲು ನಕ್ಷೆ ವಿಭಾಗದವು, ಮುಖ್ಯಸ್ಥ ಎಸೆನ್‌ಬೆಕ್ ನೋಡಿಕೊಳ್ಳುವಂಥವು. ನನಗೆ ಅದರ ಗಂಧವೂ ಇಲ್ಲ.

ಯಾರೋ ನನ್ನನ್ನು ಹೊರಗೆ ದಬ್ಬಲು ನೋಡುತ್ತಿದ್ದಾರೆ ಎನಿಸಿತು. ಮಗುವಿನ ಮೈ ಬಿಸಿಯಿದೆಯೇ ಎಂದು ಫೋನಿನಲ್ಲಿ ಅತ್ತೆಯನ್ನು ಕೇಳುತ್ತಲೇ ಒಬ್ಬೊಬ್ಬರ ಮುಖ ನೋಡಿದೆ. ಕಣ್ಣು ಎಜೆಯ ಮೇಲೆ ನಿಂತಿತು. ಮಗನ ವಯಸ್ಸಿನ ಎಸೆನ್‌ಬೆಕ್‌ನನ್ನು ಅವರು ಯಾವಾಗಲೂ "ನಮ್ಮ ಹಿರಿಯರು" ಎನ್ನುತ್ತಿದ್ದರು. ಬೆಣ್ಣೆ ಹಚ್ಚುವುದೆಂದರೆ ಇದೇ ಅಲ್ಲವೇ? ಅವರು ಮನೆಯಲ್ಲಿ ಕರಿದು ತಂದ ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿಯನ್ನೂ ನಾನು ಮುಟ್ಟಲಿಲ್ಲ.

ಟಿಕೆಟ್‌ಗಳನ್ನು ಒಂದೊಂದಾಗಿ ತೆರೆದೆ. ಪ್ರತಿಯೊಂದರ ಕೆಳಗೂ ಏಜೆಂಟ್ ಒಂದೇ ಕಾರಣ ಬರೆದಿತ್ತು: ಹೆಸರು ಹಾಕಿದ್ದು ಕೈಪಿಡಿಯ ಉದಾಹರಣೆಯಂತೆ. ಕೈಪಿಡಿ ತೆರೆದೆ. ನಕ್ಷೆ ವಿಭಾಗದ ಉದಾಹರಣೆಯಲ್ಲಿ, ಸರಿಪಡಿಸುವವರ ಜಾಗದಲ್ಲಿ, ಮೀರ್ಗುಲ್ ಎಂದಿತ್ತು. ನನ್ನ ಹೆಸರು.

"ಎಜೆ, ಏನಿದು? ನನ್ನ ಜಾಗ ಯಾರಿಗೆ ಬೇಕಾಗಿದೆ, ಹೇಳ್ಬಿಡಿ."

"ಅಯ್ಯೋ, ಎಲ್ಲಾ ನಿಂಗೇ ಬಂತಾ?" ಎಜೆ ಕನ್ನಡಕ ತೆಗೆದರು. "ನೀನು ರಜದಲ್ಲಿದ್ಯಲ್ಲ, ರಜದಲ್ಲಿರೋರಿಗೆ ಟಿಕೆಟ್ ಹೋಗಲ್ಲ, ನಿನ್ನ ಹೆಸರಿಟ್ರೆ ಯಾರಿಗೂ ತೊಂದ್ರೆ ಇಲ್ಲ ಅಂದ್ಕೊಂಡೆ."

"ಅಲ್ಲಿ ಎಸೆನ್‌ಬೆಕ್ ಅಂತ ಇರ್ಬೇಕಿತ್ತು!"

"ಅದು ನಮ್ಮ ಮಾವನೋರ ಹೆಸರು ಕಣೇ," ಎಂದು ದನಿ ತಗ್ಗಿಸಿದರು. "ಸೊಸೆಯಾಗಿ ಬಂದು ಮೂವತ್ಮೂರು ವರ್ಷ. ಬಾಯಲ್ಲಿ ಅಂದಿಲ್ಲ, ಕೈಯಲ್ಲಿ ಬರೆದಿಲ್ಲ."

"ಕಂಪ್ಯೂಟರ್‌ನಲ್ಲೂ ಬರೆಯೋ ಹಾಗಿಲ್ವಾ?"

"ಅದನ್ನ ಒತ್ತೋದೂ ಈ ಬೆರಳೇ ತಾನೇ?"

ನಾನು ನಂಬಲಿಲ್ಲ. ನಗರದ ಶಾಲೆಯಲ್ಲಿ ಓದಿದವಳು. ನನ್ನ ಮಾವನ ಹೆಸರನ್ನು ಆಸ್ಪತ್ರೆಯ ಚೀಟಿಯಲ್ಲಿ ಅವರೆದುರೇ ಬರೆದಿದ್ದೇನೆ. ಎಜೆ ಕಚೇರಿಗೆಲ್ಲ ಕಳಿಸಿದ ಮೂರು ವರ್ಷದ ಇಮೇಲ್‌ಗಳನ್ನು ಕೂತು ಜಾಲಾಡಿದೆ. ಎಲ್ಲ ಕಡೆಯೂ "ನಮ್ಮ ಹಿರಿಯರು". ಆ ಹೆಸರು ಒಂದರಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಭೆಯಲ್ಲಿ ಎಜೆ ತಾವೇ ಎದ್ದು ನಿಂತು, ನಡೆದದ್ದನ್ನು ಹೇಳಿ ತಪ್ಪೊಪ್ಪಿಕೊಂಡರು. ಹಿಂದಿನಿಂದ ಯಾರೋ, "ಮಾವ ಬಂದ್ರು, ತಲೆಗೆ ಬಟ್ಟೆ ಹೊದ್ಕೊಳ್ಳಿ," ಎಂದು ಕಿಸಕ್ಕೆಂದರು. ಎಸೆನ್‌ಬೆಕ್ ನಗಲಿಲ್ಲ.

"ನನ್ನ ಟಿಕೆಟ್ ನನಗೇ ಬರ್ಲಿ. ಮೀರ್ಗುಲ್ ಬಾಕೀಲಿ ಅವಳದ್ದು ಮಾತ್ರ ಇರ್ಲಿ. ಆದ್ರೆ ಎಜೆ, ಕೈಪಿಡಿ ಇವತ್ತೇ ಸರಿಯಾಗ್ಬೇಕು."

ಎಜೆ ಕೂತು ಬರೆದರು: ಉದಾಹರಣೆಯ ಹೆಸರನ್ನು ನಕಲು ಮಾಡಬೇಡ. ಯಾರ ಕೆಲಸವೆಂದು ತಿಳಿಯದಿದ್ದರೆ ಜಾಗ ಖಾಲಿ ಬಿಟ್ಟು ಮನುಷ್ಯರನ್ನು ಕೇಳು. ಅದರ ಕೆಳಗೆ ಯಾವ ವಿಭಾಗಕ್ಕೆ ಯಾರು ಎಂಬ ಪಟ್ಟಿ. ನಕ್ಷೆ ವಿಭಾಗಕ್ಕೆ ಬಂದಾಗ ಕೈ ನಿಂತಿತು. ಕೀಲಿಮಣೆಯನ್ನು ನನ್ನತ್ತ ಸರಿಸಿದರು.

"ನೀನೇ ಹಾಕಮ್ಮ." ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

ಹೆಸರು ಹಾಕಿದೆ. ಆಮೇಲೆ ಟಿಕೆಟ್‌ಗಳನ್ನು ಎಸೆನ್‌ಬೆಕ್ ಹೆಸರಿಗೆ ಬದಲಿಸತೊಡಗಿದೆ. ಸಂಶಯ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಪ್ರತಿಯೊಂದನ್ನೂ ಓದಿಯೇ ಕಳಿಸಿದೆ. ನಲವತ್ತೊಂದು ಹೋದವು. ಎರಡು ಉಳಿದವು.

"ಆಯ್ತಾ? ತಿರುಗ್ಲಾ?"

"ಸ್ವಲ್ಪ ಇರಿ ಎಜೆ," ಎಂದು ಆ ಎರಡನ್ನೂ ಮತ್ತೆ ಓದಿದೆ. ನನ್ನವೇ.