ಚಿತ್ರದ ಅಂಚಿನಲ್ಲಿ ನಿಂತವನು

ಅಕ್ಕಾ, ನಿನ್ನ ಗಂಡನನ್ನು ಆ ಮಂಟಪದಲ್ಲಿ ಅಗೆಯಲು ಹಚ್ಚಿದವನು ನಾನು. ದೇವರ ಸಿಟ್ಟಲ್ಲ, ಅವರ ದುರಾಸೆಯೂ ಅಲ್ಲ — ನಾನು. ಇಷ್ಟು ವರ್ಷ ನಿನ್ನ ಮುಂದೆ ಕುಳಿತು ಉಂಡೆ, ಹೇಳಲಿಲ್ಲ.

ಯುದ್ಧದ ಕಾಲದ ಬೇಸಿಗೆ ಅದು. ಹೈದರಾಬಾದಿನ ಕಾಲೇಜಿನಲ್ಲಿ ನಮ್ಮ ಪ್ರೊಫೆಸರರು ಇಟಲಿಯ ಪುನರುಜ್ಜೀವನ ಕಾಲದ ಚಿತ್ರಗಳನ್ನು ತೋರಿಸಿ ಪಾಠ ಹೇಳುತ್ತಿದ್ದರು. ಅಂಥ ಕೆಲವು ಚಿತ್ರಗಳ ಅಂಚಿನಲ್ಲಿ ಒಬ್ಬ ನಮ್ಮನ್ನೇ ನೋಡುತ್ತ, ಬೆರಳು ಚಾಚಿ ನಿಂತಿರುತ್ತಾನೆ. ಗುಟ್ಟೇನೂ ಇಲ್ಲ, ನಮ್ಮ ಕಣ್ಣನ್ನು ಚಿತ್ರದ ನಡುವಿಗೆ ಒಯ್ಯುವುದಷ್ಟೇ ಅವನ ಕೆಲಸ ಎಂದಿದ್ದರು. ನಾನು ಓದುತ್ತಿದ್ದ ಪತ್ತೇದಾರಿ ಕಾದಂಬರಿಗಳಲ್ಲೋ — ಅಂಥ ಬೆರಳು ನಿಧಿಯನ್ನೇ ತೋರಿಸುತ್ತಿತ್ತು.

ರಜೆಗೆ ಗಂಗಾವತಿಗೆ ಬಂದವನು ಒಂದು ಕಥೆ ಬರೆದೆ. ಹೊಳೆಯ ನಡುವಿನ ವಿರೂಪಾಪುರಗಡ್ಡೆಯ ಹಾಳು ಮಂಟಪದ ಗೋಡೆಯಲ್ಲೂ ಅಂಥ ಒಬ್ಬನಿದ್ದ. ಉಳಿದ ಚಿತ್ರವೆಲ್ಲ ಗಾರೆಯೊಡನೆ ಉದುರಿ, ಅವನ ಬೆರಳು ಬರಿಯ ಕಂಬದ ಬುಡಕ್ಕೆ ಚಾಚಿತ್ತು. ನನ್ನ ಕಥೆಯಲ್ಲಿ ಅಲ್ಲಿ ಕೊಪ್ಪರಿಗೆ ಹೊನ್ನು. ನಿಮ್ಮ ಪಡಸಾಲೆಯಲ್ಲಿ ಓದಿ ಹೇಳಿದೆ. ನೀನು ನಕ್ಕೆ. ಮಾವ — ನಿನ್ನ ಗಂಡ — ನಗಲಿಲ್ಲ.

“ಏನ್ರೀ ಕಾಲೇಜು ಸಾಹೇಬ್ರ, ಕಥಿ ಇರ್ಲಿ. ಖರೇನ ಅಲ್ಲಿ ಏನರ ಐತೇನು?”

ಇಲ್ಲ ಎನ್ನಬೇಕಿತ್ತು. ಆ ಬೆರಳು ತೋರಿಸುತ್ತಿದ್ದುದು ಉದುರಿಹೋದ ಚಿತ್ರವನ್ನು ಎಂದು ನನಗೆ ಗೊತ್ತಿತ್ತು. ಆದರೆ ಮೊದಲ ಸಲ ಅವರು ನನ್ನ ಓದಿಗೆ ಕಿವಿಗೊಟ್ಟಿದ್ದರು —

“ಸುಮ್ನ ಯಾರರ ಬಟ್ಟು ಮಾಡಿ ತೋರಸ್ತಾರೇನ್ರಿ ಮಾವಾ?” ಎಂದೆ.

ಮರುದಿನ ನಿನಗೆ ಹೇಳದೆ ಇಬ್ಬರೂ ನಾವೇ ಹುಟ್ಟು ಹಾಕಿ ಹರಿಗೋಲಿನಲ್ಲಿ ಹೊಳೆ ದಾಟಿದೆವು. ಅವರು ಕಂಬದ ಬುಡ ಅಗೆದರು. ನಾನು ಗೋಡೆಗೆ ಆತು ನಿಂತು, “ಇನ್ನೊಂದೀಟು ಈ ಕಡೆ” ಎಂದು ಕೈ ಮಾಡಿ ತೋರಿಸಿದೆ. ಕಂಬ ವಾಲಿತು. ಮೇಲಿನ ಚಪ್ಪಡಿ ಜಾರುವ ಸದ್ದು — ನಾನು ಹೊರಗೆ ಹಾರಿದೆ. ಧೂಳಿನೊಳಗಿಂದ, “ತಮ್ಮಾ... ಕೈ ಕೊಡೋ” ಎಂದರು. ಇನ್ನೊಂದು ಚಪ್ಪಡಿ ಅಲುಗುತ್ತಿತ್ತು. ನಾನು ಕೈ ಕೊಡಲಿಲ್ಲ. ಜನರನ್ನು ಕರೆತರಲೆಂದು ಹೊಳೆಯತ್ತ ಓಡಿದೆ — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಜನರೊಡನೆ ತಿರುಗಿ ಬಂದಾಗ ಅವರ ದನಿ ಇರಲಿಲ್ಲ.

ನಾನು ಅವರ ಜೊತೆ ಇರಲಿಲ್ಲ, ಹುಡುಕುತ್ತ ಹೋಗಿದ್ದೆ ಎಂದೆ. ಎಲ್ಲರೂ ನಂಬಿದರು. ನಿಧಿಯ ಆಸೆಗೆ ದೇವರ ಜಾಗ ಅಗೆದು ಸತ್ತ ಎಂದಿತು ಊರು. ಅವರ ಪಾಪ ಕಳೆಯಲೆಂದು ನೀನು ಸೋಮವಾರ ಉಪವಾಸ ಹಿಡಿದೆ. ನಾನು ನೋಡುತ್ತ ಕುಳಿತೆ. ಈಗಲೂ ಯಾರಾದರೂ ನನ್ನತ್ತ ಕೈ ಚಾಚಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಅಂಗಡಿಯವನು ಚಿಲ್ಲರೆ ಕೊಡಲು ಚಾಚಿದರೂ —

ನಾಳೆ ಸೋಮವಾರ. ಬೆಳಿಗ್ಗೆ ಬಂದು, ಅದೇ ಪಡಸಾಲೆಯಲ್ಲಿ, ಈ ಕಾಗದವನ್ನು ನಾನೇ ಓದಿ ಹೇಳುತ್ತೇನೆ. ಆಮೇಲೆ ನೀನು ಉಣ್ಣು ಅಕ್ಕಾ. ನನಗೆ ಬಡಿಸಬೇಡ.